ದೇವರಾಜ ಮಾರುಕಟ್ಟೆಯ ಮಾಳಿಗೆಗೆ ಈ ಮಳೆಗಾಲಕ್ಕೆ ಮುಂಚೆ ಕೈಹಾಕಿ: ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು, ಮೈಸೂರು ಮಹಾನಗರ ಪಾಲಿಕೆ, ಹಾಗೂ
ಮಾನ್ಯ ಆಯುಕ್ತರು, ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಮೈಸೂರು.

ಮಾನ್ಯರೇ,

ನಾನು ಮೈಸೂರಿನ ಶಿವರಾಂಪೇಟೆಯಲ್ಲಿ ಹುಟ್ಟಿ ಬೆಳೆದವಳು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಹೇಳಿ ನಿವೃತ್ತಳಾದ ಮೇಲೂ ವಾರಕ್ಕೆರಡು ಸಲ ಕೈಚೀಲ ಹಿಡಿದು ದೇವರಾಜ ಮಾರುಕಟ್ಟೆಗೆ ನಡೆದೇ ಹೋಗಿಬರುತ್ತೇನೆ. ಆ ಮಾರುಕಟ್ಟೆ, ಅದರ ದಕ್ಷಿಣದ ಬಾಗಿಲಿಗೆ ಎದುರಾಗಿರುವ ಚಿಕ್ಕ ಗಡಿಯಾರ, ಅಲ್ಲಿಂದ ಕೂಗಳತೆಯಲ್ಲಿ ಬೀಗ ಹಾಕಿಸಿಕೊಂಡು ನಿಂತಿರುವ ಲ್ಯಾನ್ಸ್‌ಡೌನ್ ಕಟ್ಟಡ, ಇವುಗಳ ಸುತ್ತ ಬದುಕು ಕಟ್ಟಿಕೊಂಡಿರುವ ಸಾವಿರಾರು ಜನರ ಪರವಾಗಿ ಮಾತಾಡುವ ಅಧಿಕಾರ ನನಗಿಲ್ಲ. ಆದರೆ ಐವತ್ತು ವರ್ಷಕ್ಕೂ ಮೀರಿ ಆ ನೆಲದ ಉಪ್ಪು, ಹುಳಿ, ಹೂವುಗಳನ್ನು ಮನೆಗೆ ತಂದವಳಾಗಿ ನನ್ನ ಅರಿಕೆಯನ್ನು ನಿಮ್ಮ ಮುಂದಿಡುವ ಹಕ್ಕು ನನಗಿದೆಯೆಂದು ನಂಬಿದ್ದೇನೆ.

ಮಾರುಕಟ್ಟೆಯನ್ನು ಕೆಡವಿ ಹೊಸದಾಗಿ ಕಟ್ಟಬೇಕೋ, ಇರುವುದನ್ನೇ ದುರಸ್ತಿ ಮಾಡಿ ಉಳಿಸಬೇಕೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದಿದೆ. ಉಳಿಸಬಹುದೆಂದು ಹೇಳಿದ ತಜ್ಞರೂ ಇದ್ದಾರೆ, ಕೆಡವುವುದೇ ಸುರಕ್ಷಿತವೆಂದು ಹೇಳಿದ ತಜ್ಞರೂ ಇದ್ದಾರೆ. ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಆ ವಾದವಿವಾದಗಳನ್ನು ನಾನಿಲ್ಲಿ ಮತ್ತೆ ಎತ್ತುವುದಿಲ್ಲ. ನಾನು ಹೇಳಬೇಕಾಗಿರುವುದು ಒಂದೇ ಮಾತು: ಈ ಕಟ್ಟಡಗಳು ವಯಸ್ಸಾಗಿ ಬೀಳುತ್ತಿಲ್ಲ, ನೀರು ಕುಡಿದು ಬೀಳುತ್ತಿವೆ. ನಾವು ಚರ್ಚೆ ಮಾಡುತ್ತಿರುವ ಇಷ್ಟೂ ವರ್ಷ ಪ್ರತಿ ಮಳೆಗಾಲದಲ್ಲಿಯೂ ಅವು ನೀರು ಕುಡಿಯುತ್ತಲೇ ಇವೆ.

ಊರಿನ ಈ ಭಾಗವನ್ನು ಒಮ್ಮೆ ನಡೆದೇ ನೋಡಬೇಕೆಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಅರಮನೆಯ ಉತ್ತರಕ್ಕೆ ದೊಡ್ಡ ಗಡಿಯಾರವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ, ಅರಮನೆಯ ನೌಕರರು ಕೈಯಿಂದ ಹಣ ಹಾಕಿ ಕಟ್ಟಿಸಿದ 75 ಅಡಿ ಎತ್ತರದ ಗೋಪುರ ಅದು. ಅದರ ಮುಖದ ಮೇಲೆ ಗಂಟೆಯ ಅಂಕಿಗಳು ಕನ್ನಡದಲ್ಲಿವೆ. ಗಡಿಯಾರ ನೋಡಿ ಕನ್ನಡದ ಅಂಕಿ ಕಲಿತ ಮಕ್ಕಳು ನಮ್ಮ ಕೇರಿಯಲ್ಲಿ ಬಹಳ ಮಂದಿ, ನಾನೂ ಅವರಲ್ಲಿ ಒಬ್ಬಳು. ಅದರ ಪಕ್ಕದಲ್ಲೇ ದಿವಾನ್ ರಂಗಾಚಾರ್ಲು ಅವರ ಸ್ಮರಣೆಗಾಗಿ 1884ರಲ್ಲಿ ಎದ್ದ ಪುರಭವನ. ಅಲ್ಲಿಂದ ಕೆ.ಆರ್. ವೃತ್ತದ ನಾಲ್ವಡಿಯವರ ಪ್ರತಿಮೆಯನ್ನು ದಾಟಿ ಸಯ್ಯಾಜಿರಾವ್ ರಸ್ತೆಗೆ ಬಂದರೆ ಎಡಗಡೆ ಚಿಕ್ಕ ಗಡಿಯಾರ. ವೈಸರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದುಹೋದ ನೆನಪಿನದು. ಇನ್ನೊಬ್ಬ ವೈಸರಾಯ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ ಕಟ್ಟಿದ ಕಟ್ಟಡ 1892ರದು. ಅಲ್ಲಿಂದ ನಾಲ್ಕು ಹೆಜ್ಜೆಯಲ್ಲಿ 1861ರ ಜಗನ್ಮೋಹನ ಅರಮನೆ. ಇಷ್ಟೆಲ್ಲವೂ ಹದಿನೈದು ನಿಮಿಷದ ನಡಿಗೆಯೊಳಗೆ ಸಿಗುತ್ತವೆ. 1903ರಲ್ಲೇ ನಗರ ಸುಧಾರಣಾ ಮಂಡಳಿಯನ್ನು ಸ್ಥಾಪಿಸಿಕೊಂಡು, ರಸ್ತೆಯ ಅಗಲ, ಚರಂಡಿಯ ಇಳಿಜಾರು, ಬಡಾವಣೆಯ ಅಳತೆ ಎಲ್ಲವನ್ನೂ ಯೋಚಿಸಿ ಬೆಳೆದ ಊರು ನಮ್ಮದು. ಸಯ್ಯಾಜಿರಾವ್ ರಸ್ತೆ ಇರುವ ಜಾಗದಲ್ಲಿ ಹಿಂದೆ ದಿವಾನ್ ಪೂರ್ಣಯ್ಯನವರು ತೋಡಿಸಿದ ನಾಲೆ ಇತ್ತೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಜೋರು ಮಳೆ ಬಂದಾಗ ನೀರು ಅದೇ ದಾರಿಯನ್ನು ಹುಡುಕಿಕೊಂಡು ಬರುವುದನ್ನು ಕಂಡವರಿಗೆ ಆ ಮಾತು ಕಟ್ಟುಕಥೆಯೆಂದು ಅನ್ನಿಸುವುದಿಲ್ಲ.

ಈ ಎಲ್ಲದರ ನಡುವೆ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ನೆಲೆಗೊಂಡು ನಾಲ್ವಡಿಯವರ ಕಾಲದಲ್ಲಿ ಬೆಳೆದ ದೇವರಾಜ ಮಾರುಕಟ್ಟೆ ಇದೆ. ಉತ್ತರಕ್ಕೆ ಧನ್ವಂತರಿ ರಸ್ತೆ, ದಕ್ಷಿಣಕ್ಕೆ ಚಿಕ್ಕ ಗಡಿಯಾರ, ಪೂರ್ವಕ್ಕೆ ಸಯ್ಯಾಜಿರಾವ್ ರಸ್ತೆ, ಪಶ್ಚಿಮಕ್ಕೆ ದೇವರಾಜ ಅರಸು ರಸ್ತೆ. ಮೂರು ಎಕರೆಗೂ ಮಿಕ್ಕ ಆ ಉದ್ದನೆಯ ಜಾಗದಲ್ಲಿ 800ರಷ್ಟು ಅಂಗಡಿಗಳಿವೆ. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರು ಮೈಸೂರುಪಾಕು ಮಾರುವ ಅಂಗಡಿ ಇರುವುದೂ ಇದರ ಹೊರಗಿನ ಸಾಲಿನಲ್ಲೇ. ದಸರೆಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಬನ್ನಿಮಂಟಪದ ಕಡೆಗೆ ಹೊರಟಾಗ ಸಾಗಿ ಹೋಗುವುದೂ ಇದೇ ಮಾರುಕಟ್ಟೆಯ ಗೋಡೆಗೆ ಒತ್ತಿಕೊಂಡಿರುವ ರಸ್ತೆಯಲ್ಲೇ. ಚಿಕ್ಕಂದಿನಲ್ಲಿ ಜಂಬೂಸವಾರಿಯನ್ನು ನಾವು ಮಾರುಕಟ್ಟೆಯ ಅಂಗಡಿಯೊಂದರ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆವು. ಬೆಳಿಗ್ಗೆ ಏಳಕ್ಕೇ ಬಂದು ಜಾಗ ಹಿಡಿದರೆ, ಆ ಅಂಗಡಿಯ ಯಜಮಾನರು ತಮ್ಮ ಗಿರಾಕಿಗಳ ಮಕ್ಕಳೆಂದು ನಮಗೆ ಮಂಡಕ್ಕಿಯ ಮೂಟೆಯ ಮೇಲೆ ಕೂರಲು ಬಿಡುತ್ತಿದ್ದರು.

ಒಳಗೆ ಹೋದರೆ ನಿಮಗೆ ಮೊದಲು ತಿಳಿಯುವುದು ತಂಪು. ಹೊರಗೆ ಏಪ್ರಿಲ್‌ನ ಬಿಸಿಲು ನೆತ್ತಿ ಸುಡುತ್ತಿದ್ದರೂ ಒಳಗಿನ ಓಣಿಗಳಲ್ಲಿ ಸೊಪ್ಪು ಸಂಜೆಯವರೆಗೆ ಬಾಡದೆ ಇರುತ್ತದೆ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದಪ್ಪ ಗೋಡೆ, ಸಾಲಿನ ಮುಂದೆ ಚಾಚಿದ ಸೂರು, ಉತ್ತರದಿಂದ ದಕ್ಷಿಣಕ್ಕೆ ನೇರವಾಗಿ ಗಾಳಿ ಹರಿಯಲು ಬಿಟ್ಟ ದಾರಿ, ಎತ್ತರಿಸಿದ ಕಟ್ಟೆ, ಇವೆಲ್ಲ ಸೇರಿ ಆ ತಂಪು ಉಂಟಾಗಿದೆ. ಫ್ಯಾನು, ದೀಪ, ಶೈತ್ಯಯಂತ್ರ ಯಾವುದೂ ಇಲ್ಲದ ಕಾಲದಲ್ಲಿ ಹೂವು, ಹಣ್ಣು, ಎಲೆಗಳನ್ನು ಕೆಡದಂತೆ ಇಡಬೇಕೆಂದು ಯೋಚಿಸಿ ಕಟ್ಟಿದವರ ಲೆಕ್ಕಾಚಾರ ಅದು. ವೀಳ್ಯದೆಲೆ ಮಾರುವವರು ಒದ್ದೆ ಗೋಣಿಚೀಲ ಹೊದಿಸಿ ಕಟ್ಟುಗಳನ್ನು ಇಡುವುದು ನೆರಳಿನ ಮೂಲೆಯಲ್ಲಿ; ಬಾಳೆಗೊನೆಗಳನ್ನು ತೂಗುಹಾಕುವುದು ಗಾಳಿಯಾಡುವ ಕಡೆ; ಬೆಲ್ಲದ ಅಚ್ಚು, ಕೊಬ್ಬರಿ, ಹುಣಿಸೆಹಣ್ಣು ನೆಲದ ತೇವ ತಾಕದ ಎತ್ತರದ ಕಟ್ಟೆಯ ಮೇಲೆ. ಯಾವ ಪದಾರ್ಥ ಎಲ್ಲಿರಬೇಕೆಂಬುದನ್ನು ಯಾರೂ ಬರೆದಿಟ್ಟಿಲ್ಲ. ಮೂರು ನಾಲ್ಕು ತಲೆಮಾರು ಅಲ್ಲೇ ಕೂತು ಮಾರಿದವರಿಗೆ ಅದು ತಾನಾಗಿಯೇ ಗೊತ್ತಿದೆ.

ಹೂವಿನ ಸಾಲಿನಲ್ಲಿ ನಾನು ಹೂವು ಕೊಳ್ಳುವ ಅಮ್ಮ ಒಬ್ಬರಿದ್ದಾರೆ. ಅವರಿಗೆ ಅಂಗಡಿಯಿಲ್ಲ, ಮಳಿಗೆಯ ಸಂಖ್ಯೆಯಿಲ್ಲ; ಎರಡು ಅಂಗಡಿಗಳ ನಡುವಿನ ಕಂಬಕ್ಕೆ ಒರಗಿಕೊಂಡು ಬಿದಿರಿನ ಬುಟ್ಟಿ ಇಟ್ಟುಕೊಂಡಿರುತ್ತಾರೆ. ಮಲ್ಲಿಗೆಯನ್ನು ಮಾರಿನ ಲೆಕ್ಕದಲ್ಲಿ ಅಳೆಯುವಾಗ ಎಡಗೈಯ ಬೆರಳ ತುದಿಯಿಂದ ಮೊಣಕೈಗೆ, ಮೊಣಕೈಯಿಂದ ಮತ್ತೆ ಬೆರಳಿಗೆ ದಾರವನ್ನು ಸುತ್ತುತ್ತಾ, ಕೊನೆಗೆ ಗಿರಾಕಿಯ ಮುಖ ನೋಡಿ ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಾರೆ. ಅವರ ತಾಯಿಯೂ ಅದೇ ಕಂಬದ ಬುಡದಲ್ಲಿ ಕೂರುತ್ತಿದ್ದರು. ನನ್ನ ತಾಯಿ ಹೂವು ತರುತ್ತಿದ್ದುದು ಅವರಿಂದಲೇ. ಕಂಬದ ಗಾರೆ ಅಷ್ಟು ವರ್ಷ ಬೆನ್ನು ತಾಗಿ ಒಂದು ಕಡೆ ಕನ್ನಡಿಯಂತೆ ನುಣುಪಾಗಿದೆ. ಕಟ್ಟಡದ ನಕ್ಷೆ ಬರೆಯುವವರು ಕಂಬವನ್ನು ಗುರುತಿಸುತ್ತಾರೆ. ಅದಕ್ಕೆ ಒರಗಿದವರನ್ನೂ ಗುರುತಿಸಬೇಕು ಎನ್ನುವುದಕ್ಕಾಗಿ ಇಷ್ಟು ವಿವರವಾಗಿ ಹೇಳಿದೆ.

ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಈ ಮೂರರ ಹೆಸರನ್ನೂ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಮೂರೂ ರೈತರ ಕೈಯಿಂದ ಊರಿನವರ ಮನೆಗೆ ಬರುವ ಹೆದ್ದಾರಿ ಈ ಮಾರುಕಟ್ಟೆಯೇ ಆಗಿತ್ತು. ಅಗ್ರಹಾರದ ಆಚೆಗಿನ ಎಲೆತೋಟದಲ್ಲಿ ಬೆಳಿಗ್ಗೆ ಕೊಯ್ದ ಎಲೆ ಹೊತ್ತೇರುವ ಮೊದಲು ಇಲ್ಲಿಗೆ ಬಂದಿರುತ್ತಿತ್ತು. ಗೌರಿಹಬ್ಬದ ಹಿಂದಿನ ದಿನ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೊರ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಅರಿಸಿನ ಕುಂಕುಮ, ಬೇಳೆಕಾಳು, ಬೆಲ್ಲ, ತೆಂಗಿನಕಾಯಿ, ಬಾಗಿನಕ್ಕೆ ಬೇಕಾದ ಅಷ್ಟೂ ಸಾಮಾನು ಐವತ್ತು ಹೆಜ್ಜೆಯೊಳಗೆ ಸಿಗುತ್ತದೆ. ಕುಂಕುಮದವರು ಬಣ್ಣಬಣ್ಣದ ಪುಡಿಯನ್ನು ಗೋಪುರದಂತೆ ತಟ್ಟಿ ಇಟ್ಟಿರುತ್ತಾರೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಹೆಣ್ಣುಮಕ್ಕಳು ಒಂದು ಚಿಪ್ಪು ಬಾಳೆಹಣ್ಣಿಗೆ ಚೌಕಾಸಿ ಮಾಡುವ ಪಕ್ಕದಲ್ಲೇ ಹೊರದೇಶದ ಪ್ರವಾಸಿಗರು ಫೋಟೋ ತೆಗೆಯುತ್ತಿರುತ್ತಾರೆ. ಪ್ರವಾಸಿಗರು ಬರಲಿ, ಸಂತೋಷ. ಆದರೆ ಈ ಮಾರುಕಟ್ಟೆ ಉಳಿಯಬೇಕಾಗಿರುವುದು ಮೊದಲು ಚೌಕಾಸಿ ಮಾಡುವವರಿಗಾಗಿ.

ಇನ್ನು ನೋವಿನ ವಿಷಯಕ್ಕೆ ಬರುತ್ತೇನೆ. 2012ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಪ್ರತಿ ಜೂನ್‌ನಲ್ಲಿ ನಾವು ಹಳೆಯ ಪಠ್ಯಪುಸ್ತಕಗಳನ್ನು ಅರ್ಧ ಬೆಲೆಗೆ ಕೊಂಡು, ವರ್ಷದ ಕೊನೆಗೆ ಕಾಲು ಬೆಲೆಗೆ ಅದೇ ಅಂಗಡಿಗಳಿಗೆ ಮಾರುತ್ತಿದ್ದ ಸಾಲು ಅದು. ಪುಸ್ತಕ ಕೊಳ್ಳಲಾಗದ ಮನೆಗಳ ಎಷ್ಟೋ ಮಕ್ಕಳು ಆ ಪಡಸಾಲೆಯ ದಯದಿಂದ ಓದಿ ಮುಂದೆ ಬಂದಿದ್ದಾರೆ. ಅಂದು ಖಾಲಿ ಮಾಡಿಸಿದ ಕಟ್ಟಡ ಮತ್ತೆ ತುಂಬಲಿಲ್ಲ. 2016ರಲ್ಲಿ, ಮತ್ತೆ ಆಗಸ್ಟ್ ತಿಂಗಳಲ್ಲೇ, ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲಿನ ಭಾಗ ಕುಸಿಯಿತು. 2022ರ ಅಕ್ಟೋಬರ್‌ನಲ್ಲಿ, ಬಿಡದೆ ಸುರಿದ ಮಳೆಯ ದಿನಗಳಲ್ಲಿ, ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನ ಶತಮಾನ ದಾಟಿದ ಕಟ್ಟಡದ ಒಂದು ಭಾಗ ಬಿತ್ತು. ಮೂರೂ ಮಳೆಗಾಲದಲ್ಲಿ. ಈ ತಿಂಗಳುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು, ರೋಗ ಯಾವುದೆಂದು ತಿಳಿಯಲು ದೊಡ್ಡ ವರದಿ ಬೇಕಾಗುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಮನೆಯಲ್ಲೇ ಕಲಿತ ಪಾಠ. ಶಿವರಾಂಪೇಟೆಯ ನಮ್ಮ ಮನೆಯೂ ಹಳೆಯದು. ಇಟ್ಟಿಗೆಯ ಗೋಡೆ, ಸುಣ್ಣದ ಗಾರೆ, ಮೇಲೆ ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು ಸೇರಿಸಿದ ಸುಣ್ಣದ ಗಾರೆಯನ್ನು ಹಾಕಿ ದಿನಗಟ್ಟಲೆ ಬಡಿದು ಗಟ್ಟಿ ಮಾಡಿದ ಮಾಳಿಗೆ ಅದು. ಒಂದು ವರ್ಷ ಗೋಡೆಯ ಬುಡದಲ್ಲಿ ಗಾರೆ ಉದುರತೊಡಗಿದಾಗ, ಕರೆಸಿದ ಗುತ್ತಿಗೆದಾರರು ಹಳೆಯ ಗಾರೆಯನ್ನೆಲ್ಲ ಕಿತ್ತು ಸಿಮೆಂಟು ಬಳಿಸಿದರೆ ನೂರು ವರ್ಷ ನೋಡಬೇಕಾಗಿಲ್ಲ ಎಂದರು. ನಮಗೂ ಅದೇ ಸರಿ ಎನ್ನಿಸಿತು, ಬಳಿಸಿದೆವು. ಎರಡೇ ಮಳೆಗಾಲ. ಸಿಮೆಂಟಿನ ಪದರ ಹಾಗೇ ನಿಂತಿತ್ತು, ಅದರ ಹಿಂದಿನ ಗೋಡೆ ಒದ್ದೆಯಾಗಿ ಹುಡಿಯಾಗಿತ್ತು. ಬೆರಳಿನಿಂದ ತಟ್ಟಿದರೆ ಡಬಡಬ ಎಂದು ಟೊಳ್ಳಾದ ಸದ್ದು. ಆಮೇಲೆ ನಂಜನಗೂಡಿನ ಕಡೆಯ ಹಿರಿಯ ಗಾರೆ ಮೇಸ್ತ್ರಿ ಒಬ್ಬರು ಬಂದು ನೋಡಿ, "ಗೋಡೆಗೂ ಉಸಿರಿದೆ ಕಣಮ್ಮ, ನೀವು ಮೂಗು ಮುಚ್ಚಿಬಿಟ್ಟಿದ್ದೀರಿ" ಎಂದರು. ಸುಣ್ಣದ ಗಾರೆ ಹೀರಿದ ತೇವವನ್ನು ಬಿಸಿಲು ಬಂದಾಗ ಹೊರಕ್ಕೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಒಳಗೇ ಉಳಿದ ನೀರು ಹಳೆಯ ಇಟ್ಟಿಗೆಯನ್ನೂ ತೊಲೆಯ ತುದಿಯನ್ನೂ ತಿನ್ನುತ್ತದೆ. ಅವರು ಸುಣ್ಣವನ್ನು ವಾರಗಟ್ಟಲೆ ನೆನೆಹಾಕಿ, ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲದ ನೀರು ಮತ್ತು ಅಳಲೇಕಾಯಿ ನೆನೆಸಿದ ನೀರು ಹಾಕಿ ಗಾರೆ ಅರೆಸಿದರು. ಕೆಲಸಕ್ಕೆ ನಾವು ಅಂದುಕೊಂಡಿದ್ದಕ್ಕಿಂತ ಮೂರು ಪಟ್ಟು ಹೆಚ್ಚು ದಿನ ಹಿಡಿಯಿತು, ಆದರೆ ಆ ಗೋಡೆ ಇವತ್ತಿಗೂ ಒಣಗಿದೆ.

ಮಾರುಕಟ್ಟೆಯ ಗೋಡೆಗಳನ್ನು ನೋಡಿದಾಗಲೆಲ್ಲ ನನಗೆ ಆ ಮೇಸ್ತ್ರಿಯ ಮಾತು ನೆನಪಾಗುತ್ತದೆ. ಅಲ್ಲಲ್ಲಿ ಸಿಮೆಂಟಿನ ತೇಪೆ. ಮಾಳಿಗೆಯ ಕೈಪಿಡಿ ಗೋಡೆಯಲ್ಲಿ ಬೇರು ಬಿಟ್ಟ ಅರಳಿ, ಅತ್ತಿಯ ಸಸಿಗಳು. ಎಲೆ, ಪ್ಲಾಸ್ಟಿಕ್ಕು ತುಂಬಿ ಕಟ್ಟಿಕೊಂಡ ನೀರುದಾರಿಗಳು. ಅಂಗಡಿಗಳ ಮೇಲೆ ಹಾಸಿದ ತಗಡಿನಿಂದ ಜಾರಿ ನೇರವಾಗಿ ಗೋಡೆಗೇ ಬಡಿಯುವ ಮಳೆನೀರು. ಅರಳಿ ಸಸಿ ಬೆರಳು ಗಾತ್ರ ಇರುವಾಗ ಕೀಳಲು ಒಬ್ಬ ಆಳು, ಒಂದು ಏಣಿ ಸಾಕು. ತೋಳು ಗಾತ್ರವಾದ ಮೇಲೆ ಅದನ್ನು ಕಿತ್ತರೆ ಗೋಡೆಯೂ ಅದರ ಜೊತೆ ಬರುತ್ತದೆ. ದೊಡ್ಡ ಯೋಜನೆ ಬರುತ್ತದೆಯೆಂದು ಕಾಯುತ್ತಾ ಈ ಚಿಕ್ಕ ಕೆಲಸಗಳನ್ನು ಬಿಟ್ಟದ್ದೇ ನಮಗೆ ಇಷ್ಟು ನಷ್ಟ ಮಾಡಿದೆ. ನಾಳೆ ಕೆಡವುವ ಕಟ್ಟಡಕ್ಕೆ ಇಂದು ಏಕೆ ಖರ್ಚು ಎಂಬ ಯೋಚನೆ ಕಡತಗಳಲ್ಲಿ ಸಹಜವಾಗಿ ಬರುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಆ ನಾಳೆ ಬರುವಷ್ಟರಲ್ಲಿ ಎಷ್ಟು ಮಳೆಗಾಲ ಕಳೆದಿವೆ ಎನ್ನುವುದನ್ನು ಎಣಿಸಬೇಕು, ಆ ಮಾಳಿಗೆಯ ಕೆಳಗೆ ದಿನವೂ ಜನ ಕೂತಿದ್ದಾರೆ ಎನ್ನುವುದನ್ನೂ ನೆನೆಯಬೇಕು.

ಕೆಡವಬೇಕೆನ್ನುವವರ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ನಾಲ್ಕು ಜೀವ ಹೋದ ಊರಿನಲ್ಲಿ ಸುರಕ್ಷತೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲು ಯಾರಿಗೂ ಮನಸ್ಸು ಬಾರದು. ಒಳಗೆ ಶೌಚಾಲಯ ಸಾಲದು. ಹೆಂಗಸರು ಬೆಳಿಗ್ಗೆಯಿಂದ ರಾತ್ರಿಯವರೆಗೆ ನೀರು ಕುಡಿಯದೆ ಕೂತು ವ್ಯಾಪಾರ ಮಾಡುತ್ತಾರೆ. ವಿದ್ಯುತ್ ತಂತಿಗಳು ಬಳ್ಳಿಯಂತೆ ಒಂದರ ಮೇಲೊಂದು ಹೆಣೆದುಕೊಂಡಿವೆ. ಬೆಂಕಿ ಬಿದ್ದರೆ ಒಳಗಿನ ಓಣಿಗೆ ಅಗ್ನಿಶಾಮಕದ ವಾಹನ ಹೋಗಲು ದಾರಿಯಿಲ್ಲ. ವಾಹನ ನಿಲುಗಡೆಯ ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಇವೆಲ್ಲ ನಿಜ, ಮತ್ತು ಇವೆಲ್ಲಕ್ಕೂ ಪರಿಹಾರ ಬೇಕು. ಆದರೆ ತಂತಿ ಬದಲಿಸಲು, ಶೌಚಾಲಯ ಕಟ್ಟಲು, ನೀರಿನ ಕೊಳಾಯಿ ಎಳೆಯಲು ಗೋಡೆ ಬೀಳಿಸಬೇಕಾಗಿಲ್ಲ. ವಾಹನ ನಿಲ್ಲಿಸಲು ಜಾಗ ಬೇಕೆಂದು ಮಾರುಕಟ್ಟೆಯನ್ನೇ ತೆಗೆದು ನೆಲಮಾಳಿಗೆ ತೋಡಿದರೆ, ಪಕ್ಕದ ಹಳೆಯ ಕಟ್ಟಡಗಳ ಬುನಾದಿಯ ಗತಿಯೇನು ಎಂಬುದನ್ನೂ ತಜ್ಞರು ಹೇಳಬೇಕಾಗುತ್ತದೆ.

ಕೆಡವಿ ಕಟ್ಟಿದ ಮೇಲೂ ಹೊರಗಿನಿಂದ ಹಿಂದಿನ ಹಾಗೆಯೇ ಕಾಣುವಂತೆ ಮಾಡುತ್ತೇವೆ ಎಂಬ ಮಾತನ್ನೂ ಕೇಳಿದ್ದೇನೆ. ಕಮಾನಿನ ಆಕಾರವನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ಯಬಹುದು, ಅದು ಕಷ್ಟವಲ್ಲ. ಗೋಡೆಯೊಳಗಿನ ತಂಪನ್ನು, ಸೊಪ್ಪು ಬಾಡದ ನೆರಳನ್ನು, ಕಟ್ಟೆಯ ಎತ್ತರ ಮಾರುವವರ ಮೊಣಕಾಲಿಗೂ ಕೊಳ್ಳುವವರ ಕಣ್ಣಿಗೂ ಹೊಂದುವ ಹಾಗೆ ಇರುವುದನ್ನು ಎರಕ ಹೊಯ್ಯಲು ಬರುವುದಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ಜನರದು. ಕಾಮಗಾರಿಗೆಂದು ಎಬ್ಬಿಸಿದ ವ್ಯಾಪಾರಿ ವರ್ಷಗಟ್ಟಲೆ ಊರಾಚೆಯ ತಗಡಿನ ಶೆಡ್ಡಿನಲ್ಲಿ ಕೂತರೆ ಗಿರಾಕಿ ಅಲ್ಲಿಗೆ ಬರುವುದಿಲ್ಲ. ಹೊಸ ಕಟ್ಟಡ ಎದ್ದು ಬಾಡಿಗೆ ಏರಿದ ಮೇಲೆ ಹಿಂದಿರುಗಲು ಅವರ ಕೈಯಲ್ಲಿ ಬಂಡವಾಳ ಇರುವುದಿಲ್ಲ. ಮಳಿಗೆ ಇದ್ದವರ ಕಥೆಯೇ ಹೀಗಾದರೆ, ಕಂಬಕ್ಕೆ ಒರಗಿ ಬುಟ್ಟಿ ಇಟ್ಟುಕೊಂಡವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಈ ವಿಷಯದಲ್ಲಿ ಕಾನೂನು ನಮಗೆ ದಾರಿ ತೋರಿಸಿದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ, ಸ್ಥಳಾಂತರವನ್ನು ಸಾಧ್ಯವಾದಷ್ಟೂ ತಪ್ಪಿಸಬೇಕೆಂದು ಹೇಳುತ್ತದೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬೀದಿ ವ್ಯಾಪಾರಿಗಳು ವ್ಯಾಪಾರ ಮಾಡಿಕೊಂಡು ಬಂದಿರುವ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸಬಾರದು ಎಂದೂ ಹೇಳುತ್ತದೆ. ಪರಂಪರೆ ಎಂಬ ಮಾತನ್ನು ಗೋಡೆಗಳಿಗಷ್ಟೇ ಅಲ್ಲದೆ ಮಾರುವ ಜನರಿಗೂ ಅನ್ವಯಿಸಿದ ಕಾಯ್ದೆ ಅದು. ದೇವರಾಜ ಮಾರುಕಟ್ಟೆಯ ಸುತ್ತಲಿನ ಪಾದಚಾರಿ ದಾರಿಯಲ್ಲಿ, ಚಿಕ್ಕ ಗಡಿಯಾರದ ಸುತ್ತ, ಧನ್ವಂತರಿ ರಸ್ತೆಯ ಬಾಗಿಲಿನಲ್ಲಿ ಹೂವು, ಸೊಪ್ಪು, ಸೌತೆಕಾಯಿ, ಹಲಸಿನ ತೊಳೆ ಮಾರುವವರಿಗೆ ಈ ಕಾಯ್ದೆ ಅನ್ವಯವಾಗದೆ ಇನ್ನಾರಿಗೆ ಅನ್ವಯವಾಗಬೇಕು?

ದುರಸ್ತಿ ಆಗದ ಮಾತು ಎನ್ನುವವರಿಗೆ ಹತ್ತಿರದ ಉದಾಹರಣೆಯನ್ನೇ ತೋರಿಸುತ್ತೇನೆ. ನಮ್ಮ ದೊಡ್ಡ ಗಡಿಯಾರದ ಗೋಪುರ ಬಿರುಕು ಬಿಟ್ಟಾಗ ಅದನ್ನು ಕೆಡವೋಣ ಎಂದು ಯಾರೂ ಹೇಳಲಿಲ್ಲ. ಈಚಿನ ವರ್ಷಗಳಲ್ಲಿ ಬಿರುಕು ತುಂಬಿಸಿ ದುರಸ್ತಿ ಮಾಡಿಸಿದರು. ಹೈದರಾಬಾದಿನಲ್ಲಿ 1935ರಲ್ಲಿ ಕಟ್ಟಿದ ಮೊಅಜ್ಜಂ ಜಾಹಿ ಮಾರುಕಟ್ಟೆ ತೀರ ಹದಗೆಟ್ಟಿತ್ತು. ಅದರ ಮಾಳಿಗೆಯ ಸೋರಿಕೆಯನ್ನು ನಿಲ್ಲಿಸಿ, ಬೇಡದ ಸೇರ್ಪಡೆಗಳನ್ನು ತೆಗೆದು ಜೀರ್ಣೋದ್ಧಾರ ಮಾಡಿ, 2020ರ ಆಗಸ್ಟ್‌ನಲ್ಲಿ ಜನರಿಗೆ ಒಪ್ಪಿಸಿದರು. ಅದು ಕಲ್ಲಿನ ಕಟ್ಟಡ, ನಮ್ಮದು ಇಟ್ಟಿಗೆ ಗಾರೆಯದು. ನಮ್ಮ ಕೆಲಸ ಹೆಚ್ಚು ನಾಜೂಕಿನದು ಎಂದು ಒಪ್ಪುತ್ತೇನೆ. ಆದರೆ 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಹದಿನೈದು ವರ್ಷ ತಾಳ್ಮೆಯಿಂದ ಕೆಲಸ ಮಾಡಿ 1912ಕ್ಕೆ ಹೊಸ ಅರಮನೆ ಮುಗಿಸಿದ ಊರಿಗೆ ನಾಜೂಕಿನ ಕೆಲಸ ಹೊಸದಲ್ಲ.

ನನ್ನ ಕೋರಿಕೆಗಳು ಇವು. ಮಾರುಕಟ್ಟೆಯನ್ನು ಒಂದೇ ಸಲ ಖಾಲಿ ಮಾಡಿಸದೆ, ಸಾಲು ಸಾಲಾಗಿ ಕೈಗೆತ್ತಿಕೊಳ್ಳಬೇಕು. ಒಂದು ಸಾಲಿನ ಕೆಲಸ ನಡೆಯುವಾಗ ಆ ಸಾಲಿನವರಿಗೆ ಮಾರುಕಟ್ಟೆಯ ಒಳಗೋ, ಅದಕ್ಕೆ ತಾಗಿದ ರಸ್ತೆಯಲ್ಲೋ ತಾತ್ಕಾಲಿಕ ಜಾಗ ಕೊಟ್ಟು, ಕೆಲಸ ಮುಗಿದ ಕೂಡಲೇ ಅದೇ ಮಳಿಗೆಗೆ ವಾಪಸು ಕೂರಿಸಿ, ಆಮೇಲೆ ಮುಂದಿನ ಸಾಲಿಗೆ ಹೋಗಬೇಕು. ಇಟ್ಟಿಗೆಯೊಂದನ್ನು ಅಲುಗಿಸುವ ಮೊದಲು ಇಡೀ ಕಟ್ಟಡದ ಅಳತೆ ತೆಗೆದು, ಪ್ರತಿ ಕಮಾನು, ಪ್ರತಿ ತೊಲೆ, ಪ್ರತಿ ಕಟ್ಟೆಯ ಸ್ಥಿತಿಯನ್ನು ದಾಖಲಿಸಿ, ಆ ದಾಖಲೆಯನ್ನು ಸಾರ್ವಜನಿಕರು ನೋಡುವಂತೆ ಇಡಬೇಕು. ಅದರ ಜೊತೆಗೇ ಮಳಿಗೆದಾರರಷ್ಟೇ ಅಲ್ಲದೆ ಬುಟ್ಟಿಯವರು, ಹೊರೆಯಾಳುಗಳು, ಟೀ ತಂದುಕೊಡುವ ಹುಡುಗರವರೆಗೆ ಅಲ್ಲಿ ದುಡಿಯುವ ಎಲ್ಲರ ಹೆಸರು ಮತ್ತು ಜಾಗದ ಪಟ್ಟಿ ತಯಾರಾಗಿ, ಪ್ರತಿಯೊಬ್ಬರ ಕೈಗೂ ಪಾಲಿಕೆಯ ಮೊಹರಿನ ಬರಹ ಸಿಗಬೇಕು. ಕೆಲಸದ ಗುತ್ತಿಗೆ ಸುಣ್ಣದ ಗಾರೆಯ ಅನುಭವ ಇರುವವರಿಗೇ ಹೋಗಬೇಕು. ಅಂಥ ಮೇಸ್ತ್ರಿಗಳು ಈಗ ಬೆರಳೆಣಿಕೆಯಷ್ಟೇ ಉಳಿದಿದ್ದಾರೆ. ಈ ಮಾರುಕಟ್ಟೆಯ ಕೆಲಸದಲ್ಲೇ ಅವರ ಕೈಕೆಳಗೆ ಹತ್ತಾರು ಹುಡುಗರು ಗಾರೆ ಅರೆಯುವುದನ್ನು ಕಲಿತರೆ, ಲ್ಯಾನ್ಸ್‌ಡೌನ್ ಕಟ್ಟಡಕ್ಕೂ ಊರಿನ ಉಳಿದ ಹಳೆಯ ಶಾಲೆ ಕಾಲೇಜುಗಳಿಗೂ ಕೆಲಸಗಾರರು ಸಿಗುತ್ತಾರೆ.

ಇದೆಲ್ಲ ದೊಡ್ಡ ಮಾತು, ಸಮಯ ಹಿಡಿಯುತ್ತದೆ, ಹಣವೂ ಬೇಕು. ಆದ್ದರಿಂದ, ಯಾವ ತೀರ್ಮಾನಕ್ಕೂ ಕಾಯದೆ ಈ ಬೇಸಿಗೆಯಲ್ಲೇ ಆಗಬಹುದಾದ ಕೆಲಸವನ್ನು ಬೇರೆಯಾಗಿ ಕೇಳುತ್ತೇನೆ. ಕೈಪಿಡಿ ಗೋಡೆಗಳ ಮೇಲಿನ ಸಸಿಗಳನ್ನು ಬೇರು ಸಮೇತ ತೆಗೆಸಿ, ಆ ಬಿರುಕುಗಳಿಗೆ ಸುಣ್ಣದ ಗಾರೆ ತುಂಬಿಸಿ. ಮಾಳಿಗೆಯ ನೀರುದಾರಿಗಳನ್ನು ಶುಚಿ ಮಾಡಿಸಿ, ತಗಡಿನಿಂದ ಬೀಳುವ ನೀರು ಗೋಡೆಗೆ ಬಡಿಯದಂತೆ ದೋಣಿ ಕಟ್ಟಿಸಿ, ಚರಂಡಿಗೆ ಇಳಿಸಿ. ಸೋರುವ ಜಾಗ ಯಾವುದೆಂದು ತಿಳಿಯಲು ಯಂತ್ರ ಬೇಕಾಗಿಲ್ಲ. ಅಂಗಡಿಯವರನ್ನು ಕೇಳಿದರೆ ಬೆರಳು ತೋರಿಸಿ ಹೇಳುತ್ತಾರೆ, ಪ್ರತಿ ಮಳೆಯಲ್ಲೂ ಆ ಜಾಗದ ಕೆಳಗೆ ಬಕೆಟ್ಟು ಇಡುವವರು ಅವರೇ. ಲ್ಯಾನ್ಸ್‌ಡೌನ್ ಕಟ್ಟಡದ ಮಾಳಿಗೆಗೂ ಇದೇ ಕೆಲಸ ಆಗಲಿ. ಒಳಗೆ ಯಾರೂ ಇಲ್ಲದ ಕಟ್ಟಡ ಇನ್ನೂ ಬೇಗ ಹಾಳಾಗುತ್ತದೆ, ಏಕೆಂದರೆ ಅಲ್ಲಿ ಬಕೆಟ್ಟು ಇಡುವವರೂ ಇಲ್ಲ.

ನೀವು ಮಾರುಕಟ್ಟೆಯನ್ನು ನೋಡಲು ಬರುವ ದಿನ ದಯವಿಟ್ಟು ಬೆಳಿಗ್ಗೆ ಆರು ಗಂಟೆಗೆ, ಹೂವಿನ ಮೂಟೆಗಳು ಇಳಿಯುವ ಹೊತ್ತಿಗೆ ಬನ್ನಿ. ಚಿಕ್ಕ ಗಡಿಯಾರದ ಬಳಿ ನಾನು ಕಾದಿರುತ್ತೇನೆ. ಸೋರುವ ಜಾಗಗಳನ್ನೆಲ್ಲ ಬಲ್ಲ ಅಂಗಡಿಯವರ ಬಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಶಿವರಾಂಪೇಟೆಯ ಒಬ್ಬ ನಿವೃತ್ತ ಶಿಕ್ಷಕಿ,
ಮೈಸೂರು